ಹನ್ನೆರಡು ಜರ್ಸಿ, ಊರ ತುಂಬ ರೇಡರ್

ಇಳಕಲ್ಲಿಗೆ ಸೀರೆ ಕೊಳ್ಳಲು ಬಂದವರು ಅಂಗಡಿಯಲ್ಲಿ ಅರ್ಧ ದಿನ ಕೂತು, ಗಾದಿಯ ತುಂಬ ಸೀರೆ ಬಿಚ್ಚಿಸಿ, ಕಡೆಗೆ ಮೊದಲು ನೋಡಿದ್ದನ್ನೇ ಕಟ್ಟಿಸಿಕೊಂಡು ಹೋಗುತ್ತಾರೆ. ಅವರನ್ನು ನೋಡಿ ನಾವು ನಗುತ್ತೇವೆ. ನಗುವ ಅಧಿಕಾರ ನಮಗೇನೂ ಇಲ್ಲ. ಹುನಗುಂದದ ಕಡೆಯಿಂದ ಕಬಡ್ಡಿ ಪಂದ್ಯಾವಳಿಯ ಹ್ಯಾಂಡ್‌ಬಿಲ್ ಬಂತೆಂದರೆ ಸಾಕು, ನಮ್ಮ ಚಹಾದಂಗಡಿಯ ಕಟ್ಟೆಯ ಮೇಲೆ ರೇಡರ್‌ಗಳನ್ನು ಬಿಚ್ಚಿ ಬಿಚ್ಚಿ ನೋಡುವ ಕೆಲಸ ಶುರುವಾಗುತ್ತದೆ. ಸೀರೆಯವರು ಕೊನೆಗೆ ಒಂದಾದರೂ ಕಟ್ಟಿಸಿಕೊಳ್ಳುತ್ತಾರೆ. ನಾವು ಮಡಚಿ ಇಡುವುದೂ ಇಲ್ಲ.

ಲೆಕ್ಕ ಸರಳವಾಗಿದೆ. ತಂಡಕ್ಕೆ ಹನ್ನೆರಡು ಮಂದಿ. ಅಂಕಣದೊಳಗೆ ಏಳು, ಹೊರಗೆ ಐದು. ಏಳರಲ್ಲಿ ನಾಲ್ವರು ಹಿಡಿಯುವವರು: ಎರಡು ಕಾರ್ನರ್, ಎರಡು ಕವರ್. ಉಳಿದ ಮೂವರು ರೇಡರ್. ಹೊರಗಿನ ಐವರಲ್ಲಿ ಇಬ್ಬರನ್ನು ಸೇರಿಸಿದರೂ ಐದೇ ಜಾಗ. ಆದರೆ ಊರಿನಲ್ಲಿ ಉಸಿರು ಹಿಡಿದು ‘ಕಬಡ್ಡಿ ಕಬಡ್ಡಿ’ ಎನ್ನಬಲ್ಲ ಪ್ರತಿಯೊಬ್ಬನೂ ತಾನು ರೇಡರ್ ಎಂದೇ ಹೇಳಿಕೊಳ್ಳುತ್ತಾನೆ. ‘ನಾನು ಲೆಫ್ಟ್ ಕಾರ್ನರ್’ ಎಂದು ಎದೆ ತಟ್ಟಿಕೊಂಡವನನ್ನು ನಾನಿನ್ನೂ ಕಂಡಿಲ್ಲ. ಅದು ತಾನಾಗಿ ಕೇಳುವ ಜಾಗವಲ್ಲ, ಬೇರೆಯವರು ತೋರಿಸುವ ಜಾಗ.

ನಮ್ಮೂರ ಚರ್ಚೆ ಎಂದೂ ನೇರವಾಗಿ ನಮ್ಮೂರ ಹುಡುಗರಿಂದ ಶುರುವಾಗುವುದಿಲ್ಲ. ಮೊದಲು ಬೆಂಗಳೂರು ಬುಲ್ಸ್ ತಂಡವನ್ನು ಸರಿಪಡಿಸಿ, ಆಮೇಲೆ ಊರಿಗೆ ಇಳಿಯುವುದು ಸಂಪ್ರದಾಯ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗಿನಿಂದ ಇದೇ ನಡೆದಿದೆ. ಇದರ ಮುಖ್ಯಸ್ಥ ನನ್ನ ಹೆಂಡತಿಯ ತಮ್ಮ. ಇರುವುದು ಬಾಗಲಕೋಟೆಯ ನವನಗರದಲ್ಲಿ. ಹಳೆಯ ಊರು ಆಲಮಟ್ಟಿ ಹಿನ್ನೀರಿಗೆ ಸಿಕ್ಕ ಮೇಲೆ ಕಟ್ಟಿದ ಆ ನಗರದಲ್ಲಿ ಓಣಿಗಳಿಗೆಲ್ಲ ಸೆಕ್ಟರ್ ನಂಬರು. ಅದರಿಂದಲೋ ಏನೋ, ಅವನ ಮಾತಿಗೂ ನಂಬರು ಬಂದಿದೆ.

“ಮಾಮಾ, 2019ರ ಜನವರಿ 5, ಮುಂಬೈ ಫೈನಲ್. ಗುಜರಾತ್ ಮ್ಯಾಲ 38-33. ಅದರಾಗ ಪವನ್ ಸೆಹ್ರಾವತ್ ಒಬ್ಬಂದ 22. ಅಂಥವನ್ನ 2022ರಾಗ ಬಿಟ್ಟು ಕೊಟ್ರು. ತಮಿಳು ತಲೈವಾಸ್ ಎರಡು ಕೋಟಿ ಇಪ್ಪತ್ತಾರು ಲಕ್ಷ ಸುರದು ಒಯ್ದ್ರು.”

“ಒಯ್ದು ಏನ್ ಮಾಡಿದ್ರೋ? ಮೊದಲನೇ ಮ್ಯಾಚಿನಾಗ ಮೊಣಕಾಲ ಹೋತು, ಸೀಸನ್ ಪೂರ್ತಿ ಕುಂತ. ನಮ್ಮವರು ಅಷ್ಟರಾಗ ಭರತ್‌ನ್ನ ಮುಂದ ತಂದು ಸೆಮಿಫೈನಲ್‌ಗೆ ಹೋದ್ರು” ಎಂದು ನೇಕಾರ ಕಾಕಾ ನೆನಪಿಸುತ್ತಾರೆ. 

“ಹಂಗಾರ ಪರ್ದೀಪ್ ನರ್ವಾಲ್?” ಎಂದು ಮೂಲೆಯಿಂದ ಇನ್ನೊಬ್ಬ ಏಳುತ್ತಾನೆ. ಪರ್ದೀಪನ ವಿಷಯ ನಮಗೆ ಮನೆತನದ ವ್ಯಾಜ್ಯ. 2015ರಲ್ಲಿ ಅವನು ಕಣ್ಣು ಬಿಟ್ಟದ್ದೇ ಬುಲ್ಸ್‌ನಲ್ಲಿ. ಮರುವರ್ಷ ಪಟ್ನಾಕ್ಕೆ ಹೋಗಿ ಸಾಲಾಗಿ ಮೂರು ಕಪ್ ಗೆಲ್ಲಿಸಿದ. ಹಿಡಿಯುವವರ ತೋಳಿನ ಕೆಳಗೆ ನುಸುಳುವ ಅವನ ಡುಬ್ಕಿ ನೋಡಿ, ಕೂಡಲಸಂಗಮದಲ್ಲಿ ಹುಟ್ಟಾ ಮುಳುಗು ಹಾಕಿದವರೂ ಬೆರಗಾದರು. 2017ರಲ್ಲಿ ಹರಿಯಾಣದ ವಿರುದ್ಧ ಒಂದೇ ದಾಳಿಯಲ್ಲಿ ಎಂಟು ಅಂಕ ತಂದ. ಇಷ್ಟೆಲ್ಲ ಬೇರೆಯವರ ಮನೆಗೆ ದುಡಿದು, 2024ರಲ್ಲಿ 70 ಲಕ್ಷಕ್ಕೆ ನಮ್ಮಲ್ಲಿಗೆ ವಾಪಸು ಬಂದ. ಆ ಸಲ ಬುಲ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು ಎರಡು.

“ತವರಿಗೆ ಬಂದವನ್ನ ಹಂಗೆಲ್ಲ ಅನಬಾರ್ದು” ಎಂದು ಚಹಾದಂಗಡಿಯವ ಲೋಟ ಇಡುತ್ತ ಸಮಾಧಾನ ಹೇಳಿದ.

ಇಷ್ಟಾಗುವಾಗ ಯಾರಾದರೊಬ್ಬರು ಕನ್ನಡದ ಪ್ರಶ್ನೆ ಎತ್ತಲೇಬೇಕು. ಹೆಸರು ಬೆಂಗಳೂರು, ರೇಡರ್‌ಗಳು ಹೆಚ್ಚಾಗಿ ಹರಿಯಾಣದವರು. ಕರಾವಳಿಯ ಸುಕೇಶ್ ಹೆಗ್ಡೆ ತೆಲುಗು, ಗುಜರಾತ್, ಬಂಗಾಳ ಎಂದು ದೇಶ ತಿರುಗಿದ. ಪುತ್ತೂರಿನ ಪ್ರಶಾಂತ್ ರೈ ಪಟ್ನಾ ತಂಡದ ನಾಯಕನಾಗಿ 2022ರ ಫೈನಲ್‌ನಲ್ಲಿ ದಿಲ್ಲಿಗೆ ಒಂದೇ ಅಂಕದಿಂದ ಸೋತ. ನಮ್ಮ ಬಿ.ಸಿ. ರಮೇಶ್ ಕೋಚ್ ಆಗಿ ಬಂಗಾಳಕ್ಕೊಂದು, ಪುಣೆಗೊಂದು ಕಪ್ ಕೊಟ್ಟರು. “ನಮ್ಮವರು ಎಲ್ಲಾರ್ಗೂ ಗೆಲ್ಲಿಸಿ ಕೊಡತಾರ, ನಮಗ ಮಾತ್ರ ಲೆಕ್ಕ ಉಳೀತದ” ಎಂದು ಭಾವಮೈದ ನಿಟ್ಟುಸಿರು ಬಿಟ್ಟಾಗ ಎರಡನೇ ಸುತ್ತಿನ ಚಹಾ ಬರುತ್ತದೆ.

ಇಷ್ಟು ವರ್ಷ ಕೂತು ಕೇಳಿದ ಮೇಲೆ ನನಗೊಂದು ಗುಟ್ಟು ಹೊಳೆದಿದೆ. ಕಟ್ಟೆಯ ಮೇಲೆ ಯಾರೂ ರೇಡರ್‌ನನ್ನು ಆರಿಸುವುದಿಲ್ಲ, ತಮ್ಮನ್ನೇ ಆರಿಸಿಕೊಳ್ಳುತ್ತಾರೆ.

ನೇಕಾರ ಕಾಕಾನನ್ನೇ ನೋಡಿ. ಹುಟ್ಟಿದಾರಭ್ಯ ಕುಣಿಮಗ್ಗದಲ್ಲಿ ಕಾಲಿಟ್ಟು ಕೂತವರು. ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕುವ ಊರಿನವರು. ಅವರಿಗೆ ಬೇಕಾದ ರೇಡರ್ ನಿಧಾನಿ. “ಅವಸರ ಮಾಡಬಾರ್ದು. ಎಡಕ್ಕ ಒಂದು, ಬಲಕ್ಕ ಒಂದು, ಎಲ್ಲಿ ಎಳಿ ಸಡಲ ಐತಿ ನೋಡಿ ಕಾಲಬೆರಳ ತಗಲಿಸಿ ಬರಬೇಕು.” ಮೂವತ್ತೇ ಸೆಕೆಂಡು ಇರುವ ದಾಳಿ ಇದು ಎಂದರೆ, “ಅದಕ್ಕ ನೋಡ್ರಿ ಈಗಿನ ಮಾಲು ಬಾಳಿಕಿ ಬರೂದಿಲ್ಲ” ಎನ್ನುತ್ತಾರೆ.

ಕಲ್ಲಿನ ಕ್ವಾರಿಯಲ್ಲಿರುವ ಅಣ್ಣನಿಗೆ ಈ ಬೆರಳಿನ ಕೆಲಸ ಸೇರುವುದಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟಿನ ಬ್ಲಾಕು ಎಬ್ಬಿಸುವವನು ಅವನು. “ಮೂರು ಮಂದಿ ತೆಕ್ಕಿ ಬಿದ್ರೂ ಅವರನ್ನ ಎಳಕೊಂಡ ಗೆರಿ ಮುಟ್ಟಬೇಕು. ಇಲ್ಲಂದ್ರ ರೇಡರ್ ಯಾಕ? ಅಂಚಿ ಕಳಸಿದ್ರ ಆತು.” ಬಸ್ ಕಂಡಕ್ಟರ್ ತಮ್ಮನ ಆಯ್ಕೆ ಸಣಕಲು ಹುಡುಗ. ಜಾತ್ರೆಯ ಹೊತ್ತಿನ ಬನಶಂಕರಿ ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ ಡ್ರೈವರ್ ತನಕ ಟಿಕೆಟ್ ಹರಿಯುತ್ತ ಹೋಗಿ, ಯಾರಿಗೂ ಸಿಕ್ಕಿಬೀಳದೆ ತಿರುಗಿ ಬಂದವನಿಗೆ ಮಾತ್ರ ಅಂಥ ಹುಡುಗನ ಬೆಲೆ ಗೊತ್ತು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನನಗೆ ಬೇಕಾದವನು ಬೋನಸ್ ರೇಡರ್. ಎದುರಿಗೆ ಆರು ಮಂದಿಯಾದರೂ ಇರುವಾಗ ಹೋಗಬೇಕು, ಒಂದು ಕಾಲು ಬೋನಸ್ ಗೆರೆ ದಾಟಿಸಿ, ಇನ್ನೊಂದನ್ನು ನೆಲದಿಂದ ಎತ್ತಿ, ಯಾರ ಮೈಯನ್ನೂ ಮುಟ್ಟದೆ ವಾಪಸು ಬರಬೇಕು. ಅಸಲಿಗೆ ಧಕ್ಕೆಯಿಲ್ಲ, ಬಡ್ಡಿ ಜಮಾ. ಇದನ್ನು ಹೇಳಿದಾಗಲೆಲ್ಲ ಕ್ವಾರಿಯ ಅಣ್ಣ ನನ್ನನ್ನು ನೋಡುವ ರೀತಿ ಅಷ್ಟು ಗೌರವದ್ದಲ್ಲ.

ವ್ಯಸನಗಳನ್ನು ಜೋಳಿಗೆಗೆ ಹಾಕಿಸಿಕೊಂಡು ಜನರನ್ನು ಹಗುರ ಮಾಡಿದ ಮಹಾಂತ ಶಿವಯೋಗಿಗಳ ಊರು ಇದು. ಅವರು ಹುಟ್ಟಿದ ಆಗಸ್ಟ್ 1 ಇಡೀ ರಾಜ್ಯಕ್ಕೆ ವ್ಯಸನಮುಕ್ತ ದಿನ. ಆ ಜೋಳಿಗೆಗೆ ಬೀಡಿ ಹಾಕಿದವರು ನಮ್ಮ ಕಟ್ಟೆಯಲ್ಲಿದ್ದಾರೆ, ತಂಬಾಕು ಹಾಕಿದವರಿದ್ದಾರೆ. ಹಾಗೆ ಬಿಡುವಾದ ಬಾಯಿಗಳೆಲ್ಲ ಈಗ ರೇಡರ್ ಆಯ್ಕೆಗೆ ತಿರುಗಿವೆ.

ಒಂದು ಸಂಜೆ ಬಾದಾಮಿಯಿಂದ ಅಳಿಯ ಬಂದ. ಮೇಣಬಸದಿಗಳ ಮುಂದೆ ಪ್ರವಾಸಿಗರಿಗೆ ಇತಿಹಾಸ ಹೇಳಿ ಬದುಕುವವನು. ಅವನ ಪ್ರತಿ ಮಾತೂ ಆರನೇ ಶತಮಾನದಿಂದ ಶುರುವಾಗುತ್ತದೆ. ನಮ್ಮ ಗದ್ದಲ ಕೇಳಿ ಅವನು ಕೈ ಎತ್ತಿದ.

“ಮಾವಾರ, ನಿಮ್ಮದು ಬುಡದಾಗ ತಪ್ಪೈತಿ. ಇದು ರೇಡರ್‌ಗಳ ನಾಡಲ್ಲ, ಕ್ಯಾಚರ್‌ಗಳ ನಾಡು. ಉತ್ತರದಿಂದ ಹರ್ಷವರ್ಧನ ರೇಡಿಗೆ ಬಂದ. ನಡುಗೆರಿ ಯಾವುದು? ನರ್ಮದಾ. ನಮ್ಮ ಇಮ್ಮಡಿ ಪುಲಿಕೇಶಿ ಅವನ್ನ ಅಲ್ಲೇ ತಡದ. ಬೇಕಂದ್ರ ಐಹೊಳಿ ಮೇಗುತಿ ಗುಡಿಗೆ ಹೋಗ್ರಿ, 634ರಾಗ ರವಿಕೀರ್ತಿ ಸ್ಕೋರ್ ಬರದಿಟ್ಟಾನ.”

ಕಟ್ಟೆ ಒಂದು ಕ್ಷಣ ಹೆಮ್ಮೆಯಿಂದ ಉಬ್ಬಿತು. ನೇಕಾರ ಕಾಕಾ ಮಾತ್ರ ಲೋಟ ಕೆಳಗಿಟ್ಟು ಕೇಳಿದರು: “ಖರೆ ತಮ್ಮಾ. ಮುಂದ ಆ ಪಲ್ಲವರ ನರಸಿಂಹವರ್ಮ ಕಂಚಿಯಿಂದ ರೇಡಿಗೆ ಬಂದು ಬಾದಾಮಿನ ಹೊಡಕೊಂಡು ಹೋದ್ನಲ್ಲ, ಆವಾಗ ನಮ್ಮ ಕಾರ್ನರ್‌ನ್ಯಾಗ ಯಾರಿದ್ರು?”

ಅಳಿಯನಿಗೆ ಬಾದಾಮಿಯ ಕೊನೆಯ ಬಸ್ಸಿನ ನೆನಪಾಯಿತು.

ಆ ವಾರ ಹುನಗುಂದದಲ್ಲಿ ಇದ್ದದ್ದು 65 ಕೆಜಿ ಪಂದ್ಯಾವಳಿ. ಹಳ್ಳಿಯ ಕಬಡ್ಡಿಯಲ್ಲಿ ಇದು ದೊಡ್ಡ ಸಂಗತಿ: ಆಡುವ ಮೊದಲು ಪ್ರತಿಯೊಬ್ಬನನ್ನೂ ತೂಗುತ್ತಾರೆ, ಮುಳ್ಳು ದಾಟಿದರೆ ಎಂಥ ಶೂರನಾದರೂ ಪ್ರೇಕ್ಷಕ. ಜರ್ಸಿ ಮಾತ್ರ ಬಾಗಲಕೋಟೆಯಲ್ಲಿ ಆಗಲೇ ಹನ್ನೆರಡು ಅಚ್ಚಾಗಿ ಬಂದಿದ್ದವು. ಭಾವಮೈದ ಹಿಂದೆಮುಂದೆ ನೋಡದೆ ಎಲ್ಲದರ ಬೆನ್ನಿಗೂ ‘ರೇಡರ್’ ಎಂದು ಬರೆಸಿದ್ದ. ಕೇಳಿದರೆ, “ಇಲ್ಲಾಂದ್ರ ಯಾರೂ ಹಾಕ್ಕೊಳ್ಳೂದಿಲ್ಲ ಮಾಮಾ” ಎಂದ. ಮಾತು ಸುಳ್ಳಲ್ಲ.

ಪಟ್ಟಿ ಮಾಡುವ ಅಧಿಕಾರ ಡ್ರಿಲ್ ಮಾಸ್ತರದು. ಅವರು ಕಟ್ಟೆಯ ಯಾವ ಮಾತಿಗೂ ಬಾಯಿ ಹಾಕದೆ ವಾರವೆಲ್ಲ ಕೇಳಿಸಿಕೊಂಡು, ಹಿಂದಿನ ದಿನ ಸಂಜೆ ಹುಡುಗರನ್ನು ಕಾಳುಕಡಿ ಅಂಗಡಿಯೊಂದರ ತೂಕದ ಯಂತ್ರದ ಮುಂದೆ ನಿಲ್ಲಿಸಿದರು. ಕ್ವಾರಿಯ ಅಣ್ಣನ ಆಯ್ಕೆಯ ಹುಡುಗ ಹತ್ತಿದ. ಅರವತ್ತೇಳು.

“ಯಂತ್ರ ಕೆಟ್ಟೈತಿ!” ಎಂದು ಅಣ್ಣ ಕೂಗಿದ.

“ಕೆಟ್ಟೈತಿ ಅಂತ ನೀನೇ ಹೋದ ವರ್ಷ ಕಡ್ಲಿ ಮಾರುವಾಗ ಹೇಳಿದ್ದಿ” ಎಂದರು ನೇಕಾರ ಕಾಕಾ. “ಎರಡು ಕೆಜಿ ಕಡಿಮಿ ತೋರಸ್ತದ ಅಂದಿದ್ದಿ. ಹಂಗಾರ ಹುಡುಗ ಅರವತ್ತೊಂಬತ್ತು ಆದ.”

ಅಣ್ಣನಿಗೆ ಮುಂದೆ ಮಾತು ಹೊರಡಲಿಲ್ಲ. ರೈತನಾಗಿ ಹಾಕಿದ ಪಟ್ಟನ್ನು ಕಬಡ್ಡಿ ಅಭಿಮಾನಿಯಾಗಿ ಬಿಡಿಸಿಕೊಳ್ಳುವುದು ಆಂಕಲ್ ಹೋಲ್ಡಿನಿಂದ ಬಿಡಿಸಿಕೊಳ್ಳುವಷ್ಟೇ ಕಷ್ಟ. ರಾತ್ರಿ ರೊಟ್ಟಿ ಬಿಟ್ಟು, ಸ್ವೆಟರ್ ಹಾಕಿಕೊಂಡು ಹುನಗುಂದ ರಸ್ತೆಯಲ್ಲಿ ಓಡಿದರೆ ಎರಡು ಕೆಜಿ ಇಳಿಯುತ್ತದೆ ಎಂದು ಯಾರೋ ಸಲಹೆ ಕೊಟ್ಟರು. ಹುಡುಗ ಓಡಲು ತಯಾರಿದ್ದ, ರೊಟ್ಟಿ ಬಿಡಲು ಇರಲಿಲ್ಲ.

ಅಷ್ಟರಲ್ಲಿ ಯಂತ್ರದ ಮೇಲಿನ ಸಂಶಯ ತೀರಿಸಲು ಕಟ್ಟೆಯ ಹಿರಿಯರೂ ಒಬ್ಬೊಬ್ಬರಾಗಿ ಹತ್ತಿದರು. ಕಂಡಕ್ಟರ್ ಎಂಬತ್ತೊಂದು. ಭಾವಮೈದ ಎಂಬತ್ತಾರು, ತನ್ನ ಜೀವನದಲ್ಲಿ ಅವನು ಬಾಯಿಬಿಟ್ಟು ಹೇಳದ ಅಂಕಿ ಅದೊಂದೇ. ಕಾಕಾ ಎಪ್ಪತ್ತು. ಕೊನೆಗೆ ನನ್ನನ್ನೂ ಹತ್ತಿಸಿದರು. ಐವತ್ನಾಲ್ಕು.

ಡ್ರಿಲ್ ಮಾಸ್ತರು ಮೊದಲ ಸಲ ಬಾಯಿ ತೆರೆದರು. ಕಿಸೆಯಿಂದ ಪಟ್ಟಿ ತೆಗೆದು, ಕನ್ನಡಕ ಏರಿಸಿ, ತುಂಬ ಗೌರವದಿಂದ ಹೇಳಿದರು: “ಸರ್, ರೇಡರ್ ಐದೂ ಜಾಗ ತುಂಬ್ಯಾವ. ಲೆಫ್ಟ್ ಕಾರ್ನರ್ ಒಂದು ಖಾಲಿ ಐತ್ರಿ. ತೂಕಾನೂ ನಿಮ್ಮದು ಬರೋಬ್ಬರಿ ಐತಿ.”

ಕ್ವಾರಿಯ ಅಣ್ಣನ ಮುಖದಲ್ಲಿ ಆ ಸಂಜೆಯ ಮೊದಲ ನಗೆ ಕಂಡಿತು. ಭಾವಮೈದ ಆಗಲೇ ಒಂದು ಜರ್ಸಿ ಬಿಡಿಸಿ ಹಿಡಿದಿದ್ದ. ಎದುರಿಗೆ ಎಣಿಸಿದೆ: ಆರು ಮಂದಿಗಿಂತ ಹೆಚ್ಚೇ ಇದ್ದರು. ಒಂದು ಕಾಲು ಯಂತ್ರದಿಂದ ಕೆಳಗಿಟ್ಟೆ, ಇನ್ನೊಂದನ್ನು ಎತ್ತಿದೆ. “ಮನ್ಯಾಗ ಬೀಗರು ಬಂದಾರ್ರಿ” ಎಂದು ಉಸಿರು ಬಿಡದೆ ಹೇಳುತ್ತ, ಯಾರ ಮೈಯನ್ನೂ ಮುಟ್ಟದೆ, ಮೂವತ್ತು ಸೆಕೆಂಡಿನೊಳಗೆ ನಮ್ಮ ಓಣಿಯ ಗೆರೆ ದಾಟಿದ್ದೆ.