ತಂಡವಿಭಜನ ಮೀಮಾಂಸೆ, ಅಥವಾ ಬ್ಯಾಟು ಯಾರದು?

ಗಲ್ಲಿ ಕ್ರಿಕೆಟ್ಟಿಗೆ ಬ್ಯಾಟಿಂಗ್, ಬೌಲಿಂಗ್, ಜಗಳ ಎಂದು ಮೂರು ಅಂಗಗಳು. ಈ ಮೂರಕ್ಕೂ ಮೊದಲೇ ನಡೆದು, ಮೂರನೆಯದಕ್ಕೆ ಬೀಜ ಬಿತ್ತುವ ತಂಡವಿಭಜನೆಯನ್ನು ಪಂಡಿತರು ಶಾಸ್ತ್ರವಾಗಿ ಎತ್ತಿಕೊಂಡದ್ದು ಕಾಣೆ. ಆ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ. ಭಾನುವಾರ ಬೆಳಗ್ಗೆ ಖಾಲಿ ಸೈಟಿನಲ್ಲಿ ನಿಂತು ತಮ್ಮ ಹೆಸರು ಯಾವಾಗ ಬರುತ್ತದೆಂದು ಕಾದವರೆಲ್ಲ ಇದನ್ನು ಓದಲು ಅಧಿಕಾರಿಗಳು.

ಪೂರ್ವಪಕ್ಷ ಗಣಿತಜ್ಞರದು. 22 ಹುಡುಗರನ್ನು ಹನ್ನೊಂದು ಹನ್ನೊಂದರ ಎರಡು ತಂಡ ಮಾಡಲು 3,52,716 ದಾರಿಗಳಿವೆ. ಅಂಕಿಗಳ ರಾಶಿಯೊಂದನ್ನು ಸರಿಸಮನಾದ ಎರಡು ಪಾಲು ಮಾಡಲಾದೀತೇ ಎಂಬ ಪ್ರಶ್ನೆಯನ್ನು ರಿಚರ್ಡ್ ಕಾರ್ಪ್ 1972ರಲ್ಲಿ, ಕಂಪ್ಯೂಟರನ್ನೂ ಏದುಸಿರು ಬಿಡಿಸುವ 21 ಸಮಸ್ಯೆಗಳ ಪಟ್ಟಿಗೆ ಸೇರಿಸಿದರು. ಅದನ್ನೇ ನಮ್ಮ ಹುಡುಗರು ಚಪ್ಪಲಿ ಬಿಟ್ಟು ವಿಕೆಟ್ಟಿಗೆ ಇಟ್ಟಿಗೆ ಜೋಡಿಸುವಷ್ಟರಲ್ಲಿ ಮುಗಿಸುತ್ತಾರೆ. ಕತ್ತಲಾಗುವುದರೊಳಗೆ ಎರಡು ಮ್ಯಾಚು ಮುಗಿಸುವ ಒತ್ತಡ ಕಾರ್ಪ್ ಅವರಿಗೆ ಇರಲಿಲ್ಲ.

ರೂಢಿಯ ಕ್ರಮವೆಂದರೆ ಇಬ್ಬರು ಕ್ಯಾಪ್ಟನ್‌ಗಳು ಸರದಿಯಂತೆ ಒಬ್ಬೊಬ್ಬರನ್ನು ಕರೆಯುವುದು. ಮೊದಲು ಕರೆಯುವವರು ಯಾರೆಂದು ತೀರ್ಮಾನಿಸಲು ಚಪ್ಪಟೆ ಕಲ್ಲಿನ ಒಂದು ಮಗ್ಗುಲಿಗೆ ಉಗುಳಿ ಮೇಲಕ್ಕೆಸೆಯುತ್ತಾರೆ. ನಾಣ್ಯ ಇದ್ದವರು ಆಗಲೇ ಅದರಲ್ಲಿ ಕಡ್ಲೆಬೀಜ ತಿಂದಿರುತ್ತಾರೆ. ಈ ಕ್ರಮದಲ್ಲಿ ದೋಷವಿದೆ. ಎಂಟು ಹುಡುಗರ ಬಲಕ್ಕೆ 8ರಿಂದ 1ರವರೆಗೆ ಅಂಕ ಕೊಟ್ಟು ನೋಡಿ: ಮೊದಲು ಕರೆದವನ ಪಾಲಿಗೆ 20, ಇನ್ನೊಬ್ಬನಿಗೆ 16. ಇದರ ಬದಲು ಒಂದನೆಯವನಿಗೆ ಒಬ್ಬ, ಎರಡನೆಯವನಿಗೆ ಇಬ್ಬರು, ಮತ್ತೆ ಒಂದನೆಯವನಿಗೆ ಒಬ್ಬ. ಉಳಿದ ನಾಲ್ವರಲ್ಲಿ ಇದೇ ಸರದಿಯನ್ನು ತಿರುವುಮುರುವು ಮಾಡಿದರೆ 18ಕ್ಕೆ 18. ಇದಕ್ಕೆ ತ್ಯೂ–ಮೋರ್ಸ್ ಸರಣಿ ಎಂದು ಹೆಸರು. ನಾರ್ವೆಯ ಆಕ್ಸೆಲ್ ತ್ಯೂ 1906ರಲ್ಲೂ ಅಮೆರಿಕದ ಮಾರ್ಸ್ಟನ್ ಮೋರ್ಸ್ 1921ರಲ್ಲೂ ಬೇರೆ ಬೇರೆ ಕೆಲಸಗಳಿಗಾಗಿ ಇದನ್ನು ಬಳಸಿದರು. ಗಲ್ಲಿಯಲ್ಲಿ ಮಾತ್ರ "ಅವನಿಗ್ಯಾಕೋ ಎರಡು ಸಲ?" ಎಂಬ ಒಂದೇ ಆಕ್ಷೇಪಕ್ಕೆ ಸರಣಿ ಮಗುಚಿಕೊಳ್ಳುತ್ತದೆ.

ಇದಕ್ಕಿಂತ ದೊಡ್ಡ ದೋಷವನ್ನು ಗಣಿತ ಎಣಿಸುವುದೇ ಇಲ್ಲ. ಕೊನೆಗೆ ಉಳಿದವನನ್ನು ಯಾರೂ ಕರೆಯುವುದಿಲ್ಲ. "ಅವನನ್ನ ನೀನೇ ಇಟ್ಕೊಳ್ಳೋ, ಬೇಕಾದ್ರೆ ಹತ್ತು ರನ್ ಬಿಟ್ಕೊಡ್ತೀನಿ" ಎಂದು ಅವನೆದುರಿಗೇ ವ್ಯಾಪಾರ ನಡೆಯುತ್ತದೆ. ಆಟಗಾರನೊಬ್ಬನನ್ನು ಒಪ್ಪಿಸಿ ಮೇಲೆ ದಕ್ಷಿಣೆಯನ್ನೂ ಕೊಡುವ ಇಂಥ ಪದ್ಧತಿ ಐಪಿಎಲ್ ಹರಾಜಿಗೆ ಇನ್ನೂ ಬಂದಿಲ್ಲ.

ಇದರ ಪರಿಹಾರವಾಗಿ ಲಗೋರಿ, ಕಬಡ್ಡಿಗಳ ಕಡೆಯಿಂದ ಬಂದದ್ದು ಜೋಡಿ ಪದ್ಧತಿ. ಸಮಬಲದ ಇಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು ಕ್ಯಾಪ್ಟನ್‌ಗಳನ್ನು ಕೇಳುತ್ತಾರೆ: "ಸೂರ್ಯ ಬೇಕೋ, ಚಂದ್ರ ಬೇಕೋ?" ಇದರ ಸೊಬಗು ಪಂಡಿತರ ಕಣ್ಣಿಗೆ ಬೀಳಬೇಕಿತ್ತು. ಯಾರಿಗೆ ಯಾರು ಸಮ ಎಂಬುದನ್ನು ಆ ಇಬ್ಬರೇ ಒಪ್ಪಿಕೊಂಡಿರುತ್ತಾರೆ, ಆಯ್ಕೆ ಸಮಿತಿ ಬೇಕಿಲ್ಲ. ಕೊನೆಯವನೆಂಬವನೂ ಇಲ್ಲ, ಏಕೆಂದರೆ ಕೊನೆಗೆ ಉಳಿಯುವುದೂ ಒಂದು ಜೋಡಿಯೇ. ಭ್ರಷ್ಟಾಚಾರಕ್ಕೆ ಎಡೆ ಇಲ್ಲವೆಂದಲ್ಲ. ಕ್ಯಾಪ್ಟನ್ ವಿಷ್ಣುವರ್ಧನ್ ಅಭಿಮಾನಿ ಎಂದು ಗೊತ್ತಿದ್ದು ಅವನ ತಂಡಕ್ಕೇ ಹೋಗಬೇಕೆಂದಿದ್ದವನು, ಜೊತೆಗಾರನ ತಲೆಗೆ ರಾಜ್‌ಕುಮಾರ್ ಹೆಸರು ಕಟ್ಟಿ ತಾನು ವಿಷ್ಣು ಆಗಿ ಬಂದ ನಿದರ್ಶನಗಳು ಊರೂರಿಗೂ ಸಿಗುತ್ತವೆ.

ವಯಸ್ಸಿನ ಪ್ರಕಾರ ಹಂಚಬೇಕೆಂಬುದು ಅಧಿಕಾರಿವರ್ಗದ ಮತ. ಅದರಲ್ಲೂ ಏರುಪೇರಿದೆ: 1985ರಲ್ಲಿ ಕೆನಡಾದ ರೋಜರ್ ಬಾರ್ನ್ಸ್ಲಿ ಮತ್ತು ಸಂಗಡಿಗರು, ಅಲ್ಲಿನ ಐಸ್ ಹಾಕಿ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚೆಂದು ತೋರಿಸಿದರು. ವಯಸ್ಸಿನ ಲೆಕ್ಕ ಜನವರಿ 1ಕ್ಕೆ ಹಿಡಿಯುವುದರಿಂದ ಜನವರಿಯ ಹುಡುಗ ಡಿಸೆಂಬರಿನವನಿಗಿಂತ ಹತ್ತಿರಹತ್ತಿರ ಒಂದು ವರ್ಷ ಬಲಿತಿರುತ್ತಾನೆ. ಈ ಸಿದ್ಧಾಂತ ಕರ್ನಾಟಕದಲ್ಲಿ ನಿಲ್ಲುವುದಿಲ್ಲ. ಇಲ್ಲಿ ತಲೆಮಾರುಗಟ್ಟಲೆ ಮಕ್ಕಳು ಹೆಡ್‌ಮಾಸ್ತರ ಕೃಪೆಯಿಂದ ಜೂನ್ 1ರಂದೇ ಹುಟ್ಟಿದ್ದಾರೆ. ಬಿಸಿಸಿಐ ಕಾಗದ ನಂಬದೆ ಹುಡುಗರ ಮಣಿಕಟ್ಟಿನ ಎಕ್ಸ್‌ರೇ ತೆಗೆಸುವುದು ಸುಮ್ಮನೆ ಅಲ್ಲ. ಮೂಳೆ ದಾಖಲಾತಿ ರಿಜಿಸ್ಟರ್ ಓದಿರುವುದಿಲ್ಲ.

ತಲೆ ಬೆಸವಾದರೆ? ಹೆಚ್ಚಿನವನು ಜೋಕರ್, ಎರಡೂ ಕಡೆ ಬ್ಯಾಟು ಹಿಡಿಯುತ್ತಾನೆ. ಆದರೆ ಹಾಗೆ ಹೆಚ್ಚಾದವನು "ತಮ್ಮನ್ನೂ ಕರ್ಕೊಂಡು ಹೋಗು" ಎಂಬ ಅಮ್ಮನ ಷರತ್ತಿನ ಮೇಲೆ ಬಂದವನಾದರೆ ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವನು ಬ್ಯಾಟು ಹಿಡಿದರೆ ರನ್ ಇಲ್ಲ. ಮೋರಿಗೆ ಬಿದ್ದ ಚೆಂಡು ತರುವಾಗ ಮಾತ್ರ ಪೂರ್ಣ ಸದಸ್ಯ.

ಇನ್ನು ಸಿದ್ಧಾಂತ. ಮೇಲಿನ ಯಾವ ಕ್ರಮ ಹಿಡಿದರೂ ಬ್ಯಾಟಿನ ಒಡೆಯ ಅದರಿಂದ ಹೊರಗೆ. ಅವನು ಆರಿಸಲ್ಪಡುವವನಲ್ಲ, ತನಗೆ ಬೇಕಾದ ತಂಡದಲ್ಲಿ ಇರುವವನು. ಪ್ರಮಾಣ ಬೇಕೆನ್ನುವವರು 2008ರ ಮೊದಲ ಐಪಿಎಲ್ ಹರಾಜನ್ನು ನೋಡಬಹುದು: ರಾಹುಲ್ ದ್ರಾವಿಡ್ ಐಕಾನ್ ಆಟಗಾರನೆಂದು ಹರಾಜಿಗೇ ಬರದೆ ಬೆಂಗಳೂರಿನ ಪಾಲಾದರು. ಬ್ಯಾಟು ಎತ್ತಿಕೊಂಡು ಮನೆಗೆ ಹೋಗುತ್ತೇನೆಂದು ದ್ರಾವಿಡ್ ತಂಡವನ್ನು ಹೆದರಿಸಿದ್ದು ಮಾತ್ರ ಕೇಳಿಲ್ಲ. ಹಾಗಾಗಿ ವಿಭಜನೆ ಸರಿಯಾಯಿತೇ ಎಂಬುದಕ್ಕೆ 18ಕ್ಕೆ 18 ಪರೀಕ್ಷೆಯಲ್ಲ. ಒಡೆಯ ಓಪನಿಂಗ್ ಇಳಿದು ಮೊದಲ ಚೆಂಡಿಗೇ ಬೌಲ್ಡ್ ಆದರೆ ವಿಭಜನೆ ತಪ್ಪೆಂದು ತಿಳಿಯಬೇಕು. ಆಗ ಅದನ್ನು ಟ್ರಯಲ್ ಬಾಲ್ ಎಂದು ಸಾರಿ, ಆ ಬೌಲರನ್ನು ಒಡೆಯನ ತಂಡಕ್ಕೆ ಸೇರಿಸಿ ಆಟ ಶುರುಮಾಡುವುದು ಸಂಪ್ರದಾಯ.