ಬಯಾಸ್ ಭೂಪತಿ

ಟಿವಿಯ ಬೆನ್ನಿಗೆ ಅಂಟಿಕೊಂಡು ಕೂತ ಮಿನಿ ಪಿಸಿಯ ತಂಟೆಗೆ ಮನೆಯಲ್ಲಿ ಯಾರೂ ಹೋಗುವುದಿಲ್ಲ. ಧಾರಾವಾಹಿ ತೋರಿಸುತ್ತದೆ, ಕರೆಂಟ್ ಬಿಲ್ ಕಟ್ಟಿಸುತ್ತದೆ, ಉಳಿದ ಹೊತ್ತು ತೆಪ್ಪಗಿರುತ್ತದೆ. ಹಾಗೆ ತೆಪ್ಪಗಿರುವುದೇ ಬಯಾಸ್ ಭೂಪತಿಯ ಕಣ್ಣು ಕುಕ್ಕುವುದು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬ್ಲಾಕಿಗೊಬ್ಬನಂತೆ ಸಿಗುವ ಈತ ಭಾನುವಾರ ತಿಂಡಿ ಮುಗಿದ ಮೇಲೆ ಚುರುಕಾಗುತ್ತಾನೆ. ಆನ್ ಆದೊಡನೆ ಯಂತ್ರವನ್ನು ಎಬ್ಬಿಸುವ ತಂತ್ರಾಂಶವೇ ಬಯಾಸ್; ಯಂತ್ರದಲ್ಲಿರುವುದು ಅದರ 0054ನೇ ಆವೃತ್ತಿ, ಕಂಪನಿ ಬಿಟ್ಟಿರುವುದು 0061. ಏನು ಬದಲಾಗಿದೆ ಎಂದು ಕೇಳಿದರೆ, "ಸ್ಟೆಬಿಲಿಟಿ ಇಂಪ್ರೂವ್ ಆಗಿದೆಯಂತೆ" ಎನ್ನುತ್ತಾನೆ. ಒಂದು ದಿನವೂ ಹ್ಯಾಂಗ್ ಆಗದ ಯಂತ್ರಕ್ಕೆ ಇನ್ನೆಷ್ಟು ಸ್ಟೆಬಿಲಿಟಿ ಬೇಕು ಎಂದು ಮನೆಯವರು ಬಾಯಿ ತೆರೆಯುವಷ್ಟರಲ್ಲಿ ಪೆನ್‌ಡ್ರೈವ್ ಚುಚ್ಚಿ ಆಗಿರುತ್ತದೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಎಂದು ಜನ ನಕ್ಕುಬಿಡುತ್ತಾರೆ. ನನಗೆ ಆ ಗಾದೆ ಇವನಿಗೆ ಸಾಲದು ಎನ್ನಿಸುತ್ತದೆ. ಗಾದೆಯ ಮನುಷ್ಯ ಇರುವೆ ಕಚ್ಚಿದ ಮೇಲೆ ಪರಿತಪಿಸುತ್ತಾನೆ. ಭೂಪತಿಗೆ ಕಚ್ಚಿಸಿಕೊಳ್ಳುವುದೇ ಬೇಕಾಗಿರುತ್ತದೆ. ಅಪ್‌ಡೇಟ್ ಅವನಿಗೊಂದು ನೆಪ. ಅದು ಕೈಕೊಟ್ಟ ಮೇಲೆ ಶುರುವಾಗುವ ರಿಕವರಿಯೇ ಅವನ ಹಬ್ಬ.

ಇದು ಬರೀ ಕುಹಕವಲ್ಲ, ಸಾಕ್ಷಿಯುಂಟು. 2023ರಲ್ಲಿ ಏಸುಸ್‌ಗೆ ವಹಿಸಿಕೊಟ್ಟು ಕೈತೊಳೆದುಕೊಳ್ಳುವವರೆಗೂ ಎನ್‌ಯುಸಿ ಎಂಬ ಪುಟ್ಟ ಪೆಟ್ಟಿಗೆಗಳನ್ನು ಮಾಡುತ್ತಿದ್ದುದು ಇಂಟೆಲ್. ನಿಮಗಿರುವ ತೊಂದರೆಯೊಂದನ್ನು ಹೊಸ ಬಯಾಸ್ ನಿರ್ದಿಷ್ಟವಾಗಿ ನಿವಾರಿಸುವುದಾದರೆ ಮಾತ್ರ ಅಪ್‌ಡೇಟ್ ಮಾಡಿ ಎಂದು ಆ ಕಂಪನಿಯೇ ಬರೆದಿತ್ತು. ಇನ್ನು ಲ್ಯಾಪ್‌ಟಾಪಿಗಾದರೆ ಬ್ಯಾಟರಿಯ ಆಸರೆ ಇದೆ, ಮಿನಿ ಪಿಸಿಗೆ ಅದೂ ಇಲ್ಲ. ಬರೆಯುವ ನಡುವೆ ಕರೆಂಟ್ ಹೋದರೆ ಚಿಪ್ಪಿನಲ್ಲಿ ಅರ್ಧ ಹಳೆಯದು, ಅರ್ಧ ಹೊಸದು ಉಳಿದು, ಯಂತ್ರ ಎರಡಕ್ಕೂ ಸಲ್ಲದೆ ಕೂರುತ್ತದೆ. ಭೂಪತಿಯ ಮನೆಯಲ್ಲಿ ಯುಪಿಎಸ್ ಇಲ್ಲವೆಂದಲ್ಲ. ವೈಫೈ ರೌಟರಿಗಿದೆ, ಆ ಪ್ಲಗ್ಗನ್ನು ಹತ್ತು ನಿಮಿಷ ಇದಕ್ಕೆ ಹಾಕಬಹುದೆಂಬುದು ಯಾಕೋ ಅವನಿಗೆ ಹೊಳೆಯುವುದಿಲ್ಲ. ಕಾಯುವ ಗುಣವಂತೂ ಮೊದಲೇ ಇಲ್ಲ. ಫರ್ಮ್‌ವೇರ್ ಬದಲಾಗುವಾಗ ಯಂತ್ರ ತಾನಾಗಿ ಆಫ್ ಆಗಿ ಆನ್ ಆಗುವುದುಂಟು. ಡಿಡಿಆರ್5 ಮೆಮೊರಿ ಇದ್ದರೆ ಮೊದಲ ಬೂಟಿನಲ್ಲಿ ಅದನ್ನು ಹೊಸದಾಗಿ ಹೊಂದಿಸಿಕೊಳ್ಳಲು ನಿಮಿಷಗಟ್ಟಲೆ ಪರದೆ ಕಪ್ಪಾಗಿಯೇ ಇರುತ್ತದೆ. ಆ ಕತ್ತಲೆಯಲ್ಲಿ ಭೂಪತಿಯ ಬೆರಳು ಪವರ್ ಬಟನ್ ಹುಡುಕುತ್ತದೆ. ಅವನು ಡೆಡ್ ಎಂದು ಸಾರಿದ ಎಷ್ಟೋ ಯಂತ್ರಗಳು, ಅವನು ಕೈ ಇಡುವವರೆಗೂ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು.

ಇಷ್ಟಾದ ಮೇಲೆ ಅವನ ಮುಖ ನೋಡಬೇಕು. ಬಾಯಲ್ಲಿ "ಅಯ್ಯೋ, ಬ್ರಿಕ್ ಆಯ್ತಲ್ಲ", ಕಣ್ಣಲ್ಲಿ ಹೊಳಪು. ಬೆನ್ನುನೋವೆಂದು ಗ್ಯಾಸ್ ಸಿಲಿಂಡರ್ ಮುಟ್ಟದವನು ಚಾಪೆ ಹಾಸಿ ಮಕಾಡೆ ಮಲಗುತ್ತಾನೆ. ಮೊದಲು ಬಟನ್ ವಿದ್ಯೆ. ಕೆಲವು ಎನ್‌ಯುಸಿಗಳಲ್ಲಿ ಪವರ್ ಬಟನ್ನನ್ನು 3 ಸೆಕೆಂಡ್ ಒತ್ತಿಹಿಡಿದು ಬಿಟ್ಟರೆ ಒಂದು ಮೆನು ಬರುತ್ತದೆ, ಎಫ್4 ಒತ್ತಿದರೆ ರಿಕವರಿ ಶುರು. 4 ಸೆಕೆಂಡ್ ಆಯಿತೋ, ಯಂತ್ರವೇ ಆಫ್. ಮೂರಕ್ಕೂ ನಾಲ್ಕಕ್ಕೂ ನಡುವೆ ಬೆರಳು ಎತ್ತಿಸಲು ಮನೆಮಂದಿಯೆಲ್ಲ ಒಟ್ಟಾಗಿ ಎಣಿಸಬೇಕು. ಧಾರಾವಾಹಿ ತಪ್ಪಿಸಿಕೊಂಡ ಅತ್ತೆಗೂ ವಿನಾಯಿತಿ ಇಲ್ಲ. ಅದು ಫಲಿಸದಿದ್ದರೆ ಮುಚ್ಚಳ ಬಿಚ್ಚಿ, ಉಗುರಿನಲ್ಲಿ ಹಿಡಿಯಬೇಕಾದ ಹಳದಿ ಜಂಪರನ್ನು ಕಿತ್ತು, ಫ್ಯಾಟ್32 ಮಾಡಿದ ಪೆನ್‌ಡ್ರೈವಿನಲ್ಲಿ ಬಯಾಸ್ ಫೈಲನ್ನು ಯಾವ ಫೋಲ್ಡರಿಗೂ ಹಾಕದೆ ಇಟ್ಟು, ಆನ್ ಮಾಡಿ 2ರಿಂದ 5 ನಿಮಿಷ ಕಾಯಬೇಕು. ವಿಚಿತ್ರವೆಂದರೆ ಇಲ್ಲಿ ಭೂಪತಿ ಕಾಯುತ್ತಾನೆ! ಇಲ್ಲಿಗೇ ಯಂತ್ರ ಎದ್ದುಬಿಟ್ಟರೆ ಅವನ ಮುಖ ತುಸು ಮಂಕಾಗುವುದನ್ನು ಹತ್ತಿರದವರು ಬಲ್ಲರು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗುವ ಕಾರಣ ತಪ್ಪಿಹೋಯಿತಲ್ಲ. ಏಳದಿದ್ದರೆ ಮಾತ್ರ ಅಲ್ಲಿಂದ ಚಿಪ್ಪಿಗೆ ನೇರವಾಗಿ ಬರೆಯುವ ಸಿಎಚ್341ಎ ಪ್ರೋಗ್ರಾಮರ್ ಬರುತ್ತದೆ, ಜೊತೆಗೊಂದು ಕ್ಲಿಪ್ಪು. ಬೋರ್ಡಿನ ಮೇಲಿನ ಎಂಟು ಕಾಲಿನ ಚಿಪ್ ಡಬ್ಲ್ಯೂ25ಕ್ಯೂ128 ಆಗಿದ್ದರೆ ಅದರಲ್ಲಿ ಹಿಡಿಸುವುದು 16 ಎಂಬಿ. ಯಂತ್ರದ ಜೀವ ಅಷ್ಟರಲ್ಲೇ ಇದೆ. ಚಿಪ್ಪಿನ ಮೂಲೆಯ ಚುಕ್ಕಿಯ ಕಡೆಗೆ ಕ್ಲಿಪ್ಪಿನ ಕೆಂಪು ವೈರು ಬರಬೇಕು. ಮೊದಲ ಸಲ ಓದಿದಾಗ ಪರದೆ ತುಂಬ ಎಫ್‌ಎಫ್, ಎಫ್‌ಎಫ್, ಎಫ್‌ಎಫ್ ಬಂದರೆ ಗಾಬರಿ ಬೇಡ, ಕ್ಲಿಪ್ ಜಾರಿರುತ್ತದೆ. ಸರಿಯಾಗಿ ಕಚ್ಚಿಸಿ, ಎರಡು ಸಲ ಓದಿ, ಎರಡೂ ಒಂದೇ ಇವೆಯೇ ಎಂದು ತಾಳೆ ನೋಡಿದ ಮೇಲೇ ಬರೆಯಬೇಕು. ಪ್ರೋಗ್ರಾಮರಿನ ಅಗ್ಗದ ಕಪ್ಪು ಬೋರ್ಡಿಗೆ 3.3 ವೋಲ್ಟಿನ ಚಿಪ್ಪಿನ ಡೇಟಾ ಕಾಲುಗಳಿಗೆ 5 ವೋಲ್ಟ್ ನುಗ್ಗಿಸುವ ಕುಖ್ಯಾತಿ ಇದೆ; ಚಿಪ್ 1.8 ವೋಲ್ಟಿನದಾದರಂತೂ ಬೇರೆ ಅಡಾಪ್ಟರೇ ಬೇಕು. ಇದೆಲ್ಲ ಭೂಪತಿಗೆ ಕಂಠಪಾಠ. ಅಪ್‌ಡೇಟಿಗೆ ಮುಂಚೆ ಒಂದು ಸಾಲಿನ ಎಚ್ಚರಿಕೆ ಓದದವನು ರಿಕವರಿಗೆಂದು ಚಿಪ್ಪಿನ ಡೇಟಾಶೀಟನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾನೆ. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಸೆಕ್ಯುರಿಟಿ ಬೇಡವೇ ಎಂದು ಅವನ ಪರವಾಗಿ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2023ರ ಡಿಸೆಂಬರಿನಲ್ಲಿ ಲೋಗೋಫೇಲ್ ಎಂಬ ದೋಷಗಳ ಗುಂಪು ಬಯಲಾಯಿತು. ಯಂತ್ರ ಆನ್ ಆದಾಗ ಕಾಣಿಸುವ ಕಂಪನಿಯ ಲಾಂಛನವಿದೆಯಲ್ಲ, ಆ ಚಿತ್ರವನ್ನು ಓದುವ ಕೋಡಿನಲ್ಲೇ ಕಳ್ಳರು ನುಗ್ಗುವಷ್ಟು ಸಂದುಗಳಿದ್ದವು. ಅಂಥದ್ದನ್ನು ಮುಚ್ಚಲು ಅಪ್‌ಡೇಟ್ ಮಾಡಲೇಬೇಕು. ಆದರೆ ಹಾಗೆ ಮಾಡುವವರು ಯಾಕೆ ಮಾಡುತ್ತಿದ್ದೇವೆ ಎಂದು ಗೊತ್ತಿದ್ದು ಮಾಡುತ್ತಾರೆ. ಭೂಪತಿಗೆ ಸೆಕ್ಯುರಿಟಿಯ ಚಿಂತೆ ಎಷ್ಟೆಂದರೆ, ಅವನ ರೌಟರಿನ ಪಾಸ್‌ವರ್ಡ್ ಇನ್ನೂ ಅಂಗಡಿಯಿಂದ ಬಂದದ್ದೇ. ಬಯಾಸ್ ಹಾಳಾಗಲು ಹಿಂದೆ ಹೊರಗಿನ ಕಳ್ಳನೇ ಬೇಕಿತ್ತು: 1999ರ ಏಪ್ರಿಲ್ 26ರಂದು, ಸಿಐಎಚ್ ಎಂಬ ವೈರಸ್ ಹೇಳದೆ ಕೇಳದೆ ಕಂಪ್ಯೂಟರುಗಳ ಬಯಾಸ್ ಅಳಿಸಿಹಾಕಿತ್ತು. ಅದಕ್ಕಾಗಿ ಕಿಡಿಗೇಡಿಯೊಬ್ಬ ತಲೆ ಕೆಡಿಸಿಕೊಂಡು ಪ್ರೋಗ್ರಾಂ ಬರೆಯಬೇಕಾಯಿತು. ಈಗ ಆ ಶ್ರಮವಿಲ್ಲ, ಯಂತ್ರದ ಯಜಮಾನನೇ 'ಯೆಸ್' ಒತ್ತುತ್ತಾನೆ.

ಇನ್ನೊಂದು ಮಾತಿಗೆ ನಾನು ಮುಕ್ಕಾಲುಪಾಲು ತಲೆಬಾಗುತ್ತೇನೆ. ಸರ್ವೀಸ್ ಸೆಂಟರಿನವರು ಬೋರ್ಡೇ ಬದಲಿಸಿ ಎನ್ನುವಲ್ಲಿ ಇವನು ಒಂದು ಕ್ಲಿಪ್ಪಿನಿಂದ ಕೆಲಸ ಮುಗಿಸುತ್ತಾನೆ, ಕಸಕ್ಕೆ ಹೋಗಬೇಕಾದ್ದು ಮನೆಯಲ್ಲೇ ಉಳಿಯುತ್ತದೆ. ನಿಜ, ಅದು ಸಣ್ಣ ವಿದ್ಯೆಯಲ್ಲ. ಅಕ್ಕಪಕ್ಕದವರ ಸತ್ತ ಯಂತ್ರ ಎಬ್ಬಿಸಿಕೊಟ್ಟು ಬರೀ ಕಾಫಿ ಕುಡಿದು ಬರುವ ಔದಾರ್ಯವೂ ಅವನದು. ಉಳಿದ ಕಾಲುಪಾಲಿನ ಬಗ್ಗೆ ತಕರಾರಿದೆ. ಯಂತ್ರದ ಗುರುತೂ ಆ ಚಿಪ್ಪಿನಲ್ಲೇ ಇರುತ್ತದೆ: ಸೀರಿಯಲ್ ನಂಬರ್, ಎಷ್ಟೋ ಬೋರ್ಡುಗಳಲ್ಲಿ ನೆಟ್‌ವರ್ಕಿನ ಮ್ಯಾಕ್ ವಿಳಾಸ. ಅವಸರಕ್ಕೆ ಬೇರೆ ಯಂತ್ರದ ಪ್ರತಿಯನ್ನು ಬರೆದರೆ ಬದುಕುವ ಯಂತ್ರ ಇನ್ನೊಂದರ ಹೆಸರಿನಲ್ಲಿ ಬದುಕುತ್ತದೆ. ಮೂರನೇ ಮಹಡಿಯವರಿಗೂ ಐದನೇ ಮಹಡಿಯವರಿಗೂ ಒಂದೇ ಮ್ಯಾಕ್ ವಿಳಾಸ ದಯಪಾಲಿಸಿ, "ಬೂಟ್ ಆಯ್ತಲ್ಲ, ಇನ್ನೇನು?" ಎಂದು ಕೇಳುವವನನ್ನು ಪೂರ್ತಿ ವೈದ್ಯನೆನ್ನುವುದು ಹೇಗೆ?

ಅವನಿಗೆ ಬೇಕಾದದ್ದು ಸುರಕ್ಷಿತ ಯಂತ್ರವೇ ಆಗಿದ್ದರೆ ದಾರಿ ಬೇಕಾದಷ್ಟಿತ್ತು. ಗಿಗಾಬೈಟ್ ಕಂಪನಿ ಎರಡೆರಡು ಬಯಾಸ್ ಚಿಪ್ಪಿನ ಬೋರ್ಡು ಮಾಡಿ ಎಷ್ಟೋ ಕಾಲವಾಯಿತು. ಫರ್ಮ್‌ವೇರ್ ಕೆಟ್ಟರೆ ಯಂತ್ರವೇ ಪತ್ತೆಹಚ್ಚಿ ಸರಿಪಡಿಸಿಕೊಳ್ಳುವಂತಿರಬೇಕೆಂದು ಅಮೆರಿಕದ ಮಾನಕ ಸಂಸ್ಥೆ 2018ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿತು. ಆಫೀಸುಗಳಿಗೆಂದು ಎಚ್‌ಪಿ ಮಾಡುವ ಕೆಲವು ಮಿನಿ ಪಿಸಿಗಳಲ್ಲಿ ಶ್ಯೂರ್ ಸ್ಟಾರ್ಟ್ ಎಂಬ ವ್ಯವಸ್ಥೆ ಇದೆ. ಬಯಾಸ್ ಹಾಳಾದರೆ ಅಡಗಿಸಿಟ್ಟ ಪ್ರತಿಯಿಂದ ತಾನೇ ಬರೆದುಕೊಂಡು ಏನೂ ಆಗದಂತೆ ಏಳುತ್ತದೆ. ಜಂಪರ್ ಬೇಡ, ಕ್ಲಿಪ್ ಬೇಡ, ಅತ್ತೆ ಎಣಿಸುವುದೂ ಬೇಡ. ಇಂಥದ್ದೊಂದು ಸೆಕೆಂಡ್‌ಹ್ಯಾಂಡ್ ಯಂತ್ರವನ್ನು ಅಂಗಡಿಯವನು ಹೊಗಳಿ ಹೊಗಳಿ ಮುಂದಿಟ್ಟಾಗ ಭೂಪತಿ ಅದನ್ನು ತಿರುಗಿಸಿ ನೋಡಿ, ಅಡಿಯ ಸ್ಕ್ರೂಗಳ ಮೇಲೆ ಬೆರಳಾಡಿಸಿ, ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಒಂದೇ: "ಇದನ್ನ ಆಫ್ ಮಾಡೋಕೆ ಬರುತ್ತಾ?"