ನಿರಪರಾಧಿರಾಯರು

ಕಚೇರಿಯೆಂಬುದು ಎಲ್ಲೆಲ್ಲಿ ಉಂಟೋ ಅಲ್ಲೆಲ್ಲ ಒಂದು ಮೂಲೆಯಲ್ಲಿ ನಿರಪರಾಧಿರಾಯರು ವಿರಾಜಮಾನರಾಗಿಯೇ ಇರುತ್ತಾರೆ. ಹೆತ್ತವರು ಇಟ್ಟ ಹೆಸರು ಬೇರೆ. ಸೇವೆಗೆ ಸೇರಿದಂದಿನಿಂದ ತಪ್ಪಿನ ನೆರಳೂ ತಮ್ಮ ಮೇಲೆ ಬೀಳದಂತೆ ನಡೆದುಕೊಂಡು ಬಂದ ಅವರ ಚಾತುರ್ಯಕ್ಕೆ ಮೆಚ್ಚಿ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು ಇದು.

ಅರ್ಜಿಯೊಂದು ಆರು ತಿಂಗಳಾದರೂ ಮುಂದೆ ಸಾಗಲಿಲ್ಲವೇಕೆಂದು ಬಡ ಅರ್ಜಿದಾರನೊಬ್ಬನು ಬಂದು ಕೈಮುಗಿದು ನಿಂತನೆನ್ನಿ. ರಾಯರು ಅವನನ್ನು ಆದರದಿಂದ ಕುಳ್ಳಿರಿಸಿ, ಟಪಾಲು ಶಾಖೆಯವರ ಆಲಸ್ಯವನ್ನೂ, ಬೆರಳಚ್ಚುಗಾರನ ಅಜಾಗರೂಕತೆಯನ್ನೂ, ತಮಗಿಂತ ಮೊದಲು ಆ ಕುರ್ಚಿಯಲ್ಲಿದ್ದು ಈಗ ಸ್ವರ್ಗಸ್ಥರಾಗಿರುವ ಗುಮಾಸ್ತರ ಅವ್ಯವಸ್ಥೆಯನ್ನೂ ಸವಿಸ್ತಾರವಾಗಿ ವರ್ಣಿಸಿ, ಕಟ್ಟಕಡೆಗೆ, ವಿಳಾಸವನ್ನು ದುಂಡಗೆ ಬರೆಯದಿದ್ದುದು ತನ್ನದೇ ದೋಷವೆಂದು ಅವನ ಬಾಯಿಂದಲೇ ಒಪ್ಪಿಸಿ ಕಳುಹಿಸುವರು. ಮರುದಿನ ಆ ಅರ್ಜಿಯು ರಾಯರ ಉಪಾಹಾರದ ಡಬ್ಬಿಯ ಅಡಿಯಲ್ಲೇ ದೊರೆತರೆ, ಡಬ್ಬಿಯನ್ನು ಅಲ್ಲಿಟ್ಟವನು ಜವಾನ.

ಕೊಡೆಯನ್ನು ಕಚೇರಿಯಲ್ಲಿ ಮರೆತು ಬಂದರೆ, ಅಪರಾಧವು ಸಂಜೆಯ ಹೊತ್ತಿಗೆ ಹೇಳದೆ ಕೇಳದೆ ನಿಂತುಹೋದ ಮಳೆಯದು. ಮನುಷ್ಯರೂ ಮಳೆಯೂ ಸಿಕ್ಕದಿದ್ದಾಗ ಗ್ರಹಗಳುಂಟು: ಏಳೂವರೆ ವರ್ಷದ ಸಾಡೇಸಾತಿ ಮುಗಿದರೆ ಪಂಚಮ ಶನಿ, ಅದೂ ಕಳೆದರೆ ಅಷ್ಟಮ ಶನಿ, ನಡುನಡುವೆ ಶನಿಮಹಾತ್ಮನು ಬಿಟ್ಟುಕೊಟ್ಟ ತೆರಪನ್ನು ರಾಹುಕಾಲವು ದಿನಕ್ಕೆ ಒಂದೂವರೆ ಗಂಟೆಯಂತೆ ತುಂಬಿಕೊಡುತ್ತದೆ.

ನ್ಯಾಯವಾಗಿ ನೋಡಿದರೆ ಈ ವಿದ್ಯೆ ರಾಯರ ಸ್ವಯಾರ್ಜಿತವಲ್ಲ. ಓಡುತ್ತ ಎಡವಿಬಿದ್ದ ಮಗುವನ್ನು ಎತ್ತಿಕೊಂಡು, ಅದರ ಅಳು ನಿಲ್ಲುವವರೆಗೂ ನೆಲಕ್ಕೇ ರಪರಪನೆ ಬಾರಿಸುವುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ರಾಯರ ತಾಯಿಯವರೂ ಬಾರಿಸಿದ್ದರು. ಆದಕಾರಣ ತಮ್ಮ ಈ ಸ್ವಭಾವಕ್ಕೂ ರಾಯರು ಹೊಣೆಗಾರರಲ್ಲ.

1956ರಲ್ಲಿ ಮೆಹಬೂಬ್‌ನಗರದ ಬಳಿ ರೈಲು ಅಪಘಾತವಾದಾಗ ರೈಲ್ವೆ ಮಂತ್ರಿಗಳಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಗಳು ರಾಜೀನಾಮೆ ಕೊಟ್ಟರು, ನೆಹರೂ ಒಪ್ಪಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಮದರಾಸು ರಾಜ್ಯದ ಅರಿಯಲೂರಿನ ಬಳಿ ಪ್ರವಾಹಕ್ಕೆ ಸೇತುವೆ ಕುಸಿದು ನೂರಕ್ಕೂ ಹೆಚ್ಚು ಮಂದಿ ಮೃತರಾದಾಗ ಮತ್ತೆ ಕೊಟ್ಟು, ಪದವಿಯನ್ನು ಬಿಟ್ಟೇಬಿಟ್ಟರು. ಈ ಪ್ರಸಂಗವನ್ನು ಯಾರಾದರೂ ಎತ್ತಿದರೆ ರಾಯರಿಗೆ ಎಲ್ಲಿಲ್ಲದ ಸಂಕಟ. “ರೈಲನ್ನು ಓಡಿಸಿದವರು ಅವರೇ? ಸೇತುವೆ ಕಟ್ಟಿದವರು ಅವರೇ? ಮಳೆಯನ್ನು ಸುರಿಸಿದವರಂತೂ ಅಲ್ಲವೇ ಅಲ್ಲವಲ್ಲ! ಇಷ್ಟೆಲ್ಲ ಅನುಕೂಲವಿದ್ದೂ ಒಂದು ಸಮಜಾಯಿಷಿ ಬರೆದು ಕಳುಹಿಸಬಾರದಾಗಿತ್ತೇ?” ಎಂದು ಕೇಳಿ, ಕೆಲಸ ಕಲಿಸುವ ಹಿರಿಯ ಗುಮಾಸ್ತರೊಬ್ಬರು ಆ ಮಂತ್ರಾಲಯದಲ್ಲಿ ಇಲ್ಲದೆ ಹೋದುದಕ್ಕೆ ಮನಸಾರೆ ಮರುಗುವರು.

ಓದುಗ ಮಹಾಶಯರೇ, ನಿಮ್ಮ ಕಾಗದವೊಂದು ರಾಯರ ಮೇಜನ್ನು ಹಾದು ಹೋಗಬೇಕಾದ ಪ್ರಸಂಗ ಒದಗಿದರೆ, ನಕಲನ್ನು ಇಟ್ಟುಕೊಳ್ಳಿರಿ. ಸ್ವೀಕೃತಿಯ ಮುದ್ರೆ ಬೀಳುವವರೆಗೆ ಅಲ್ಲಿಂದ ಕದಲಬೇಡಿರಿ.